ಹೂವಿಡದೆ ಬಿಟ್ಟ ಮೂಲೆ

ಕಲೂರ್, ಕೊಚ್ಚಿ
8 ಫೆಬ್ರವರಿ 2026, ಭಾನುವಾರ

ಪ್ರೀತಿಯ ಅಪ್ಪಿ,

ಪ್ರೀತಿಯ ಅಂತ ಬರೆದದ್ದು ಅಭ್ಯಾಸಬಲದಿಂದ. ಹೊಡೆದುಹಾಕೋಣ ಅನ್ನಿಸಿತು, ಕಾಗದ ಗಲೀಜಾಗುತ್ತದೆ ಅಂತ ಬಿಟ್ಟೆ. ನಿನ್ನೆಯಿಂದ ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಎತ್ತಿದರೆ ನೀನು "ಅಕ್ಕಾ, ಒಂದ್ನಿಮಿಷ ಕೇಳು" ಅಂತ ಶುರುಮಾಡುತ್ತೀ, ಆ ದನಿಗೆ ನಾನು ಕರಗಿಬಿಡುತ್ತೇನೆ. ಈ ಸಲ ಕರಗುವ ಮನಸ್ಸಿಲ್ಲ ಮಾರಾಯ್ತಿ. ಕಾಗದವಾದರೆ ನಡುವೆ ಬಾಯಿ ಹಾಕಲಿಕ್ಕೆ ನಿನಗಾಗುವುದಿಲ್ಲ. ನಾಳೆ ಕೊರಿಯರಿಗೆ ಹಾಕುತ್ತೇನೆ, ತಿರುವನಂತಪುರದ ನಿನ್ನ ಆಫೀಸಿನ ವಿಳಾಸಕ್ಕೆ. ನಿನ್ನ ಮೇಜಿನ ಮೇಲೇ ಬೀಳಲಿ.

ಶುಕ್ರವಾರ ಸಂಜೆ ಬ್ಯಾಂಕಿನಿಂದ ಬರುವಾಗ ಪಾರ್ಕಿನ ಗೇಟಿನ ಹತ್ತಿರ ಬೀದಿಯವರೆಲ್ಲ ನಿಂತಿದ್ದರು. ನಿಮ್ಮ ಕಂಪೆನಿಯವರು ಹೊಸ ಬೋರ್ಡು ನಿಲ್ಲಿಸಿ ಹೋಗಿದ್ದರು. ಜಾಗ ಕಾರ್ಪೊರೇಷನ್ನಿನದು, ಬಂಡವಾಳ ಕಂಪೆನಿಯದು, ಯೋಜನೆ ಮಾತ್ರ ಜನರದ್ದು ಅಂತ ದೊಡ್ಡ ಅಕ್ಷರ. ನಕ್ಷೆಯಲ್ಲಿ ವಾಕಿಂಗ್ ದಾರಿ ಇದೆ, ಮಕ್ಕಳ ಉಯ್ಯಾಲೆ ಇದೆ, ಎಲ್ಲ ಚಂದವೇ. ಕಾವು ಮಾತ್ರ ಇಲ್ಲ. ನಮ್ಮೂರಲ್ಲಿ ನಾಗಬನ ಅಂತೇವಲ್ಲ, ಅದೇ ಕಾವು, ಪಾರ್ಕಿನಲ್ಲಿ ಉಳಿದಿರುವ ಒಂದೇ ಒಂದು ದಟ್ಟ ನೆರಳು. ಆ ಮೂಲೆಯಲ್ಲಿ ನೀವು ಫುಡ್ ಕೋರ್ಟು ಬರೆದಿದ್ದೀರಿ, ಅದರ ಹಿಂದೆ ಕಾರು ನಿಲ್ಲಿಸುವ ಜಾಗ. ಪಕ್ಕದಲ್ಲಿ ಓಣಂಗೆ ನಾವು ಹಾಕಿದ ಹೂವಿನ ರಂಗೋಲಿಯ, ಆ ಪೂಕ್ಕಳಂನ ಫೋಟೋ: "ಇಲ್ಲಿಯ ನಿವಾಸಿಗಳೇ ಹೂವಿನಲ್ಲಿ ಬರೆದ ನಕ್ಷೆ." ಫೋಟೋದಲ್ಲಿ ನನ್ನ ಕೈ ಇದೆ, ಬಳೆ ಸಮೇತ.

ನಿನ್ನ ಭಾವ ಹೇಳಿದ್ದು, ಕಂಪೆನಿಗಳು ಇರುವುದೇ ಹೀಗೆ, ನೀನ್ಯಾಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀ ಅಂತ. ಕಂಪೆನಿ ಮಣ್ಣು ತಿನ್ನಲಿ. ನನಗೆ ಕಂಪೆನಿಯ ಮೇಲೆ ಸಿಟ್ಟಿಲ್ಲ, ನಿನ್ನ ಮೇಲೆ ಇರುವುದು.

ಆ ಪೂಕ್ಕಳಂ ಹೇಗೆ ಆಯಿತೆಂದು ನಿನಗೆ ನೆನಪಿಸಬೇಕೇ? ಹೋದ ಓಣಂಗೆ ಮೊದಲು ನೀನು ಬಂದು, ಸರ್ವೆ ಅಂದರೆ ಜನ ಬಾಗಿಲು ತೆಗೆಯುವುದಿಲ್ಲ ಅಕ್ಕಾ, ಹೂವಿನ ಹಬ್ಬ ಅಂದರೆ ಎಲ್ಲರೂ ಬರುತ್ತಾರೆ ಅಂದೆ. ಎಂಥ ಬುದ್ಧಿ ನನ್ನ ತಂಗಿಗೆ ಅಂತ ನಾನು ಹಿಗ್ಗಿ ಹೀರೇಕಾಯಿಯಾದೆ. ಪಾರ್ಕಿನ ಆಕಾರವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿ, ನೀವು ದಿನಾ ನಡೆಯುವಲ್ಲಿ, ಕೂರುವಲ್ಲಿ, ಆಡುವಲ್ಲಿ ಹೂವಿಡಿ ಅಂತ ನೀನು ಹೇಳಿಕೊಟ್ಟೆ. ಮನೆಮನೆಗೆ ಹೋಗಿ ಕರೆದವಳು ನಾನು. ವರ್ಗವಾಗಿ ಬಂದ ಕನ್ನಡದವರು ನಾವು, ಅಷ್ಟು ವರ್ಷ ಈ ಬೀದಿಯಲ್ಲಿ ನನಗೆ ಬ್ಯಾಂಕಿನ ಚೇಚಿ, ಬ್ಯಾಂಕಿನ ಅಕ್ಕ, ಅಂತ ಬಿಟ್ಟರೆ ಹೆಸರಿರಲಿಲ್ಲ. ಆವತ್ತು ಎಲ್ಲರೂ ನಿರ್ಮಲ, ನಿರ್ಮಲ ಅಂತ ಕರೆದರು. ಆ ಖುಷಿ ನಿನಗೂ ಗೊತ್ತಿತ್ತು.

ಎದುರುಮನೆಯ ತ್ರೇಸ್ಯಾಮ್ಮ ಚೇಚಿ ಒಬ್ಬಳೇ ಒಪ್ಪಿರಲಿಲ್ಲ. ಇವರು ಕೇಳುವುದು ಒಂದು ಕಟ್ಟುವುದು ಇನ್ನೊಂದು, ನಮ್ಮನ್ನು ಬಿಟ್ಟುಬಿಡು ಮೋಳೇ ಅಂತ ಮಗಳಿಗೆ ಹೇಳಿದ ಹಾಗೆ ಹೇಳಿದ್ದಳು. ನಾನು ಅವಳ ಕೈ ಹಿಡಿದು, ಕಂಪೆನಿಯನ್ನು ನಂಬಬೇಡ ಚೇಚೀ, ನನ್ನ ತಂಗಿಯನ್ನು ನಂಬು ಅಂದೆ. ನೀನು ನಮ್ಮಲ್ಲಿದ್ದು ಓದುವಾಗ ನಮ್ಮ ಅಡುಗೆಮನೆಯಲ್ಲಿ ಮೀನಿಲ್ಲ ಅಂತ ಅವಳ ಮನೆಗೆ ಓಡಿ ಕರಿಮೀನು ಹುರಿದದ್ದು ತಿಂದು, ಬಾಯಿ ತೊಳೆದುಕೊಂಡು ಬರುತ್ತಿದ್ದೆಯಲ್ಲ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದೆಯಾ? ಆ ಹುಡುಗಿಗೋಸ್ಕರ ಬಂದಳು ಅವಳು. ಮಂಡಿನೋವಿನಲ್ಲೂ ನೆಲಕ್ಕೆ ಕೂತು, ತಾನು ದಿನಾ ಒರಗುವ, ಕಾವಿನ ಸುತ್ತಲಿನ ಕಟ್ಟೆಯ ಗೆರೆಯ ಮೇಲೆ ಚೆಂಡುಹೂ ಇಟ್ಟಳು.

ಕಟ್ಟೆಯ ಒಳಗೆ ಇಡಲಿಲ್ಲ. ಯಾರೂ ಇಡಲಿಲ್ಲ. ಕಾವಿನೊಳಗೆ ಯಾರು ಕಾಲಿಡುತ್ತಾರೆ? ಆಯಿಲ್ಯದ, ಅಂದರೆ ನಮ್ಮ ಆಶ್ಲೇಷದ, ದಿನ ದೀಪ ಹಚ್ಚುವವನೊಬ್ಬ ಮಿಂದು, ಮಡಿಯುಟ್ಟು ಹೋಗಿಬರುತ್ತಾನೆ, ಅಷ್ಟೇ. ಚೇಚಿ ಚರ್ಚಿಗೆ ಹೋಗುವವಳು, ಅವಳೂ ಅಲ್ಲಿಂದ ಒಂದು ಒಣಗಿದ ಕಡ್ಡಿ ಆರಿಸಿದವಳಲ್ಲ. ನನ್ನ ಮಗಳು ಮಹತಿ ಎಸೆದ ಹೂವಿನ ಒಂದು ಎಸಳು ಹಾರಿ ನಕ್ಷೆಯ ಆ ಮೂಲೆಯೊಳಗೆ ಬಿತ್ತು. ನಾನು ಬಗ್ಗಿ ಅದನ್ನು ತೆಗೆದೆ. ನೀನು ಏಣಿಯ ಮೇಲಿಂದ ಆಗಲೇ ಫೋಟೋ ಹೊಡೆದದ್ದು. ಈಗ ಬೋರ್ಡಿನಲ್ಲಿರುವುದು ಅದೇ.

ಬೇರೆಯವರು ತಪ್ಪು ತಿಳಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ದೆಹಲಿಯಿಂದ ಬಂದ ಎಂಜಿನಿಯರಿಗೆ ನಾಗನ ಜಾಗ ಏನು ಗೊತ್ತು ಪಾಪ. ನೀನು ಹಿರಿಯಡ್ಕದ ಮನೆಯಲ್ಲಿ ಹುಟ್ಟಿದವಳು. ಬನದೊಳಗೆ ಚೆಂಡು ಬಿದ್ದರೆ ಆಟವನ್ನೇ ನಿಲ್ಲಿಸುತ್ತಿದ್ದೆವು. ಓಣಂ ದಿನವೂ ನೀನು ಕಾವಿನ ಮುಂದೆ ಹೋಗುವಾಗ ಚಪ್ಪಲಿ ಬಿಟ್ಟದ್ದನ್ನು ನಾನು ನೋಡಿದ್ದೇನೆ.

ಅದಕ್ಕೇ ಶುಕ್ರವಾರ ಫೋನಿನಲ್ಲಿ ಕೇಳಿದ್ದು. ನೀನು, ಆ ಮೂಲೆಯಲ್ಲಿ ಒಂದೂ ಹೂವಿಲ್ಲ, ಹಾಗಾಗಿ ಬಳಕೆಯಲ್ಲಿಲ್ಲದ ಜಾಗ ಅಂತ ರಿಪೋರ್ಟಿನಲ್ಲಿ ಬಂತು ಅಂದೆ. ಯಾಕೆ ಹೂವಿಲ್ಲ ಅಂತ ನಿನಗೆ ಗೊತ್ತಿರಲಿಲ್ಲವಾ ಅಂತ ನಾನು ಕೇಳಿದೆ. ನೀನು, "ಗೊತ್ತಿತ್ತು ಅಕ್ಕಾ. ಆದ್ರೆ ನಂಗೆ ಗೊತ್ತಿರೋದು ಡೇಟಾ ಅಲ್ವಲ್ಲ" ಅಂದೆ.

ಅಯ್ಯೋ ಅಪ್ಪೀ! ಸುಳ್ಳಾದರೂ ಹೇಳಬಾರದಿತ್ತಾ? ಗೊತ್ತಿರಲಿಲ್ಲ, ತಪ್ಪಾಯಿತು ಅಂದಿದ್ದರೆ ನಾನು ನಂಬುತ್ತಿದ್ದೆ, ನಿನ್ನ ಪರವಾಗಿ ಬೀದಿಯವರ ಕಾಲು ಹಿಡಿಯುತ್ತಿದ್ದೆ. ಅಷ್ಟು ಸಲೀಸಾಗಿ ಹೇಳಿಬಿಟ್ಟೆಯಲ್ಲ. ಅಲ್ಲಿಗೇ ಫೋನ್ ಇಟ್ಟೆ.

ನೀನು ಅಲ್ಲಿ ಕೂತಿದ್ದೀ. ಇಲ್ಲಿ ಬಾಗಿಲು ತೆರೆದು ಹೊರಗೆ ಹೋಗಬೇಕಾದವಳು ನಾನು. ನಿನ್ನೆ ಬೆಳಿಗ್ಗೆ ಹಾಲು ತರಲು ಹೋದಾಗ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ತಂಗಿಯ ಕಂಪೆನಿಯಿಂದ ಇವಳಿಗೆಷ್ಟು ಸಿಕ್ಕಿತೋ ಅಂತ ಒಬ್ಬರು ಬೆನ್ನ ಹಿಂದೆ ಅಂದರಂತೆ. ಮಹತಿ ಟ್ಯೂಷನ್ನಿನಲ್ಲಿ ಕೇಳಿಸಿಕೊಂಡು ಬಂದು, ಸಿಟ್ಟಿನಲ್ಲಿ ಮಲಯಾಳದಲ್ಲೇ ನನಗೆ ಹೇಳಿದಳು. ತ್ರೇಸ್ಯಾಮ್ಮ ಚೇಚಿ ಜಗಳವಾಡಿದ್ದರೆ ಸಹಿಸುತ್ತಿದ್ದೆ. ಅವಳು ಎದುರಿಗೆ ಸಿಕ್ಕಾಗ "ಗುಡ್ ಮಾರ್ನಿಂಗ್ ಮೇಡಂ" ಅಂದಳು. ಮನೆಗೆ ಬಂದು ಬಚ್ಚಲಿನಲ್ಲಿ ನಿಂತು ಅತ್ತೆ.

ಇಷ್ಟಾದ ಮೇಲೆ ನಿನ್ನ ಮೆಸೇಜು! ಗುರುವಾರ ಸಮುದಾಯ ಭವನದಲ್ಲಿ ಕೊನೆಯ ಸಭೆ, ದೊಡ್ಡ ಅಧಿಕಾರಿಗಳು ಬರುತ್ತಾರೆ, ನಿವಾಸಿಗಳ ಪರವಾಗಿ ನೀನೇ ಎರಡು ಮಾತಾಡು ಅಕ್ಕಾ, ಆ ಹಸಿರಂಚಿನ, ಜರಿಯ ಕಸವು ಸೀರೆ ಉಟ್ಟುಕೋ. ಸಭೆ ಮುಗಿದರೆ ಮಾರನೇ ವಾರ ಮರ ಕಡಿಯುತ್ತಾರೆ ಎನ್ನುವುದನ್ನು ಬರೆಯಲಿಲ್ಲ ನೀನು, ಬೋರ್ಡಿನಲ್ಲಿ ಓದಿದೆ. ಹೂವಿಟ್ಟವರಲ್ಲಿ ಒಬ್ಬರಾದರೂ ಎದ್ದು ತಕರಾರು ಹೇಳಿದರೆ ಎಲ್ಲವನ್ನೂ ಮೊದಲಿಂದ ಮಾಡಬೇಕಾಗುತ್ತದೆ, ನನ್ನ ಕೆಲಸಕ್ಕೇ ಸಂಚಕಾರ ಅಂತ ಓಣಂ ಊಟಕ್ಕೆ ಕೂತಾಗ ನೀನೇ ನಗುತ್ತಾ ಹೇಳಿದ್ದೆ. ನಾನು ನಿನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿ, ತಕರಾರು ಯಾರು ಮಾಡುತ್ತಾರೆ, ನಾನಿಲ್ಲವಾ ಅಂದಿದ್ದೆ.

ಗುರುವಾರ ಬರುತ್ತೇನೆ. ಸೀರೆ ಇಸ್ತ್ರಿಗೆ ಕೊಟ್ಟಾಗಿದೆ. ಎರಡೇ ಮಾತು ಆಡುತ್ತೇನೆ, ಹೆಚ್ಚಿಲ್ಲ. ನೀನು ಮುಂದಿನ ಸಾಲಿನಲ್ಲಿ ಕೂತಿರು. ಊಟಕ್ಕೆ ಮನೆಗೆ ಬರುತ್ತೀಯೋ ಇಲ್ಲವೋ ಆಮೇಲೆ ನೀನೇ ಯೋಚಿಸು. ಅಡುಗೆಯಂತೂ ಮಾಡಿಟ್ಟಿರುತ್ತೇನೆ.

ನಿನ್ನ ಅಕ್ಕ,
ನಿರ್ಮಲ

ತಾ.ಕ.: ಆ ಎರಡು ಮಾತು ಏನೆಂದು ಮುಚ್ಚಿಡುವುದು ನನ್ನಿಂದಾಗುವುದಿಲ್ಲ, ಮೊದಲೇ ತಿಳಿದುಕೋ. "ಹೂವಿಡದೆ ಬಿಟ್ಟದ್ದು ನಾವು ಕೈಮುಗಿಯುವ ಜಾಗ. ಇದು ನನ್ನ ತಂಗಿಗೆ ಗೊತ್ತಿತ್ತು." ಮಲಯಾಳದಲ್ಲಿ ತಪ್ಪಬಾರದು ಅಂತ ಈಗಷ್ಟೇ ತ್ರೇಸ್ಯಾಮ್ಮ ಚೇಚಿಯ ಮುಂದೆ ಹೇಳಿ ನೋಡಿದೆ. ಅವಳು ಒಳಗೆ ಕರೆಯದೆ ಬಾಗಿಲಲ್ಲೇ ನಿಂತು ಕೇಳಿದಳು. ಆಮೇಲೆ ಕಣ್ಣೊರೆಸಿಕೊಂಡು, ತಂಗಿ ಅನ್ನಬೇಡ, ಕಂಪೆನಿಯವರಿಗೆ ಅಂದರೆ ಸಾಕು, ಆ ಹುಡುಗಿಯ ಕೆಲಸ ಹೋಗುತ್ತದೆ ಅಂದಳು. ನಾನು ಒಪ್ಪಲಿಲ್ಲ. ತಂಗಿ ಅಂತಲೇ ಹೇಳುತ್ತೇನೆ.