ಬಲಗಡೆಯ ಸೀಟು

ಪಿ.ಜೆ. ಬಡಾವಣೆ, ದಾವಣಗೆರೆ
೧೯ ಆಗಸ್ಟ್ ೧೯೬೨

ಸರ್ವಮಂಗಳಾ,

'ಆ ಊರಿಗೆ ರಸ್ತೆ ಇದ್ದಿದ್ದರೂ ನೀವು…' ಅಂದಿದ್ದೆ ನೀನು, ಕೊಕ್ಕನೂರಿನ ಶಾಲೆಗೆ ಪಾಠ ಹೇಳಲು ಹೊರಟ ದಿನ, ಟ್ರಂಕಿನ ಚಿಲಕ ಹಾಕುತ್ತ. ಉಳಿದರ್ಧ ನನಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಮರೆತೆನೋ. ಅದನ್ನೇ ಯೋಚಿಸುತ್ತ ನಿನ್ನ ಯುಗಾದಿಯ ಕಾಗದಕ್ಕೆ ಶ್ರಾವಣದಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೇಸರಿಸಬೇಡ.

ಒಂದು ಸುದ್ದಿ. ಜೀಪು ಕೊಂಡೆ. ಹಳೆಯದು, ಮಿಲಿಟರಿಯವರು ಹರಾಜು ಹಾಕಿದ್ದು. ಹರಿಹರದ ಕಂಟ್ರಾಕ್ಟರ್ ಬಂಗಾರಪ್ಪ ಅದಕ್ಕೆ ಟ್ರೇಲರ್ ಕಟ್ಟಿ ಹೊಳೆಯ ಮರಳು ಸಾಗಿಸುತ್ತಿದ್ದ. ನಾಲ್ಕು ಗಾಲಿಯೂ ಎಳೆಯುತ್ತವೆ; ಎತ್ತಿನ ಗಾಡಿ ಅಚ್ಚಿನವರೆಗೆ ಹೂತುಹೋಗುವ ನಿಮ್ಮ ಎರೆಮಣ್ಣಿನಲ್ಲೂ ಇದು ನಿಲ್ಲುವುದಿಲ್ಲವಂತೆ.

ನೋಡಲು ಹೋದಾಗ ಗತ್ತಿನಿಂದ ಬಲಗಡೆ ಹತ್ತಿ ಕೂತೆ. ಎದುರಿಗೆ ಸ್ಟಿಯರಿಂಗೇ ಇಲ್ಲ. ಬಂಗಾರಪ್ಪ ನಕ್ಕ.

"ವಕೀಲ್ ಸಾಹೇಬ್ರ, ಅದು ಅಮ್ಮಾರು ಕೂಡ್ರೋ ಜಾಗ. ಅಮೆರಿಕದ ಗಾಡಿ, ಚಕ್ರ ಎಡಕ್ಕೈತೆ. ಈ ಕಡೆ ಬರ್ರಿ."

ಮನೆಗೆ ತಂದ ದಿನ ಬಸವಣ್ಣೆಮ್ಮತ್ತೆ ಆರತಿ ಹಿಡಿದು ಒಂದು ಸುತ್ತು ಬಂದು ನಿಂತರು.

"ಮಂಗಳಾ ಎಲ್ಲಿ ಕೂಡ್ರತಾಳೋ ಇದ್ರಾಗೆ?"

"ಬಲಕ್ಕೆ."

"ಅಯ್ಯ, ತಾಳಿ ಕಟ್ಟೋತನಕ ಹೆಣ್ಣು ಬಲಕ್ಕ. ಕಟ್ಟಿದಮ್ಯಾಲೆ ಎಡಕ್ಕ. ನೋಡ್ದೋರು ಇನ್ನೂ ಮದುವಿ ಆಗಿಲ್ಲ ಅಂದ್ಕಂತಾರೆ. ಚಕ್ರ ಈಚೆಗೆ ಹಾಕ್ಸಿಬಿಡು."

ಬಂಗಾರಪ್ಪನೂ ಹಾಕಿಸಿಕೊಡುತ್ತೇನೆಂದ. ಬೇಡವೆಂದೆ. ಅತ್ತೆಗೆ ಏನೋ ನೆಪ ಹೇಳಿದೆ. ನಿಜವೆಂದರೆ, ನಮಗಿನ್ನೂ ಮದುವೆಯೇ ಆಗಿಲ್ಲವೆಂಬಂತೆ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದಿಷ್ಟು ದೂರ ಹೋಗಬೇಕೆಂಬ ಆಸೆ. ಬರೆದು ನೋಡಿದರೆ, ಈ ಸಾಲು ಬೇರೆ ಯಾರದೋ ಅಕ್ಷರದಂತೆ ಕಾಣುತ್ತಿದೆ.

ಕೋರ್ಟು ಮುಗಿದ ಮೇಲೆ ಹರಿಹರದವರೆಗೆ ಹೋಗುತ್ತೇನೆ. ಕೊಕ್ಕನೂರಿನ ಕಡೆ ತಿರುಗುವಲ್ಲಿ ಎಂಜಿನ್ ಆರಿಸದೆ ನಿಲ್ಲುತ್ತೇನೆ. ಪಕ್ಕದ ಖಾಲಿ ಸೀಟು ನನಗಿಂತ ಹೆಚ್ಚು ನಡುಗುತ್ತಿರುತ್ತದೆ. ಆಮೇಲೆ ವಾಪಸು. ರಸ್ತೆಯಿಲ್ಲ, ಬರೀ ಮಣ್ಣು ಅನ್ನುವ ನನ್ನ ಹಳೆಯ ನೆಪ ಈಗಿಲ್ಲ, ಗೊತ್ತು.

ಅತ್ತೆ ನಿನಗೆ ಒಳ್ಳೆಯದಾಗಲೆಂದು ಹರಸಿದ್ದಾರೆ. ಥಂಡಿ ಹೊತ್ತು, ಬೆಚ್ಚಗಿರು.

ನಿನ್ನ
ಕರಿಬಸವರಾಜ

ತಾ.ಕ.: ಹೋದ ವಾರ ನಿಮ್ಮೂರಿನ ಗುತ್ತೆಪ್ಪ ಒಂದು ದಾವೆಗೆಂದು ನನ್ನ ಬಳಿ ಬಂದಿದ್ದ. ನಾನು ನಿನಗೇನಾಗಬೇಕೆಂದು ಅವನಿಗೆ ತಿಳಿಯದು. ನಾನೇ ಶಾಲೆಯ ಮಾತು ತೆಗೆದೆ. "ಟೀಚರಮ್ಮ ಬಾಳ ಚಲೋರು ಸ್ವಾಮಿ," ಅಂದ. "ಪಾಪ, ಹಿಂದೆ ಮುಂದೆ ಯಾರೂ ಇಲ್ಲ. ಕೇಳಿದ್ರೆ ಅವ್ರೇ ಹಂಗಂತಾರೆ."

ಜೀಪಿನ ಸದ್ದಿಗೆ ನಿನ್ನ ಮಕ್ಕಳೆಲ್ಲ ಶಾಲೆಯಿಂದ ಹೊರಗೆ ಓಡಿಬಂದು "ಯಾರ್ರೀ ನೀವು?" ಅಂದರೆ, ಏನೆಂದು ಹೇಳಲಿ, ಮಂಗಳಾ?