ಯಾರು ಬೇಕಾದರೂ ‘ಇವಳೇ’ ಅನ್ನಬಹುದು

ಹದಿನಾಲ್ಕನೇ ತಾರೀಖು, ಭಾನುವಾರ
ಮಧ್ಯಾಹ್ನ ಎರಡು ಗಂಟೆ

ಇವರಿಗೆ,

ನಮಸ್ಕಾರ. ಎರಡು ವರ್ಷದ ಮೇಲೆ ನಿಮಗೆ ಕಾಗದ ಬರೆಯುತ್ತಿದ್ದೇನೆ. ಪ್ರೆಸ್ಸಿನ ವಿಳಾಸಕ್ಕೆ ಕಳಿಸುತ್ತಿರುವುದರಿಂದ ಮೊದಲು ಬೇರೆ ಯಾರ ಕೈಗಾದರೂ ಸಿಕ್ಕೀತು. ಅವರು ಒಡೆದು ಓದದೆ ನಿಮ್ಮ ಮೇಜಿನ ಮೇಲೆ ಇಡುವಷ್ಟು ಒಳ್ಳೆಯವರೆಂದು ನಂಬಿದ್ದೇನೆ. ನಾನು ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ, ಕ್ಷೇಮವಿಲ್ಲ ಎಂದರೆ ಉಳಿದರ್ಧ. ಗೊಂದಲದಲ್ಲಿದ್ದೇನೆ ಎನ್ನುವುದು ಮಾತ್ರ ಪೂರ್ತಿ ನಿಜ.

ಒಂದೇ ಒಂದು ಪ್ರಶ್ನೆ ಕೇಳಬೇಕಾಗಿದೆ. ಈ ತಿಂಗಳ ಮೂರನೇ ತಾರೀಖು, ಬುಧವಾರ ಮಧ್ಯಾಹ್ನ, ಹೊಸ ನಂಬರಿನಿಂದ ನನಗೆ ಮೆಸೇಜ್ ಕಳಿಸಿದವರು ನೀವೇನಾ?

ಹೀಗೆ ಇದ್ದಕ್ಕಿದ್ದಂತೆ ಕೇಳಿದರೆ ನಿಮಗೆ ಅರ್ಥವಾಗುವುದಿಲ್ಲ. ಮೊದಲಿನಿಂದ ಹೇಳುತ್ತೇನೆ.

ನನ್ನ ಹಳೆಯ ಬಟನ್ ಫೋನು ಹೋಯಿತು. ಕೆಟ್ಟು ಹೋದದ್ದಲ್ಲ, ನಾನೇ ಬಿಡಬೇಕಾಯಿತು. ಲೈಬ್ರರಿಯಲ್ಲಿ ಪುಸ್ತಕ ಕೊಟ್ಟದ್ದು, ವಾಪಸ್ ಬಂದದ್ದು ಎಲ್ಲ ಈಗ ಟಚ್ ಫೋನಿನಲ್ಲೇ ಗುರುತು ಹಾಕಬೇಕಂತೆ. ಕೊಂಡು ತಂದೆ. ತಂದ ಮೇಲೆ ಒಂದು ವಾರ ಅದನ್ನು ನಾನು ನೋಡುವುದು, ನನ್ನನ್ನು ಅದು ನೋಡುವುದು, ಅಷ್ಟೇ ಆಯಿತು. ಇಪ್ಪತ್ತು ವರ್ಷ ಹಾಳೆ ತಿರುವಿದ ಬೆರಳಲ್ಲವೇ, ಮುಂದಿನ ಪುಟಕ್ಕೆ ಹೋಗುವ ಮೊದಲು ತಾನಾಗಿಯೇ ನಾಲಿಗೆಯ ಕಡೆ ಹೋಗುತ್ತದೆ. ಒದ್ದೆ ಬೆರಳು ತಾಗಿದರೆ ಫೋನಿಗೆ ತಲೆ ಕೆಡುತ್ತದೆ. ಕರೆಯದವರಿಗೆ ಕರೆ ಹೋಗುತ್ತದೆ, ತೆರೆಯದ್ದು ತೆರೆದುಕೊಳ್ಳುತ್ತದೆ. ಮುಟ್ಟಿ ಬಿಟ್ಟರೆ ಒಂದರ್ಥ, ಒತ್ತಿ ಹಿಡಿದರೆ ಇನ್ನೊಂದು, ಸವರಿದರೆ ಮತ್ತೊಂದು. ಕವಿತೆಯಲ್ಲಿ ಒಂದು ಪದ ಮೂರು ಅರ್ಥ ಕೊಟ್ಟರೆ ಖುಷಿಪಡುವವಳು, ಇಲ್ಲಿ ಅಳುವ ಹಾಗಾದೆ. ಏನಾದರೂ ಯೋಚಿಸುತ್ತ ಕೂತರೆ ಅರ್ಧ ನಿಮಿಷಕ್ಕೆ ಅದು ಕಣ್ಣು ಮುಚ್ಚಿಬಿಡುತ್ತದೆ. ಇವರಷ್ಟೂ ತಾಳ್ಮೆ ಇಲ್ಲ ಇದಕ್ಕೆ ಅಂದುಕೊಂಡೆ. ಆಮೇಲೆ, ಇಲ್ಲ, ಇವರಿಗೆ ತಾಳ್ಮೆ ಬಹಳವೇ ಇತ್ತು ಎಂದು ನೆನಪಾಯಿತು.

ನಮ್ಮ ಲೈಬ್ರರಿಯ ಓದುವ ಹಾಲಿನಲ್ಲೇ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಇದನ್ನು ಕಲಿಸುವ ಕ್ಲಾಸು ಶುರುವಾಗಿದೆ. ಕಲಿಸುವವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ಎಲ್ಲರೂ ಎಕ್ಸ್‌ಚೇಂಜ್ ಅಕ್ಕ ಎನ್ನುತ್ತಾರೆ. ಕಲಿಯುವವರು ಹನ್ನೊಂದು ಜನ, ಎಲ್ಲರಿಗೂ ಕನ್ನಡಕ. ಮೊದಲ ದಿನ ನಾನು ಗಾಜಿನ ಮೇಲೆ ಬೆರಳು ಊರುವುದನ್ನು ನೋಡಿ ಅಕ್ಕ, “ಏನಮ್ಮಾ, ಬಾಗಿಲು ಬಡೀತಿದ್ದೀರಾ? ಮಗು ಕೆನ್ನೆ ಸವರಿದ ಹಾಗೆ ಸವರಿ. ಹೆದರಬೇಡಿ, ಅದೇನೂ ಕಚ್ಚಲ್ಲ. ಅದರೊಳಗೆ ಕೂತಿರೋ ಜನ ಕಚ್ತಾರೆ, ಅದನ್ನ ಆಮೇಲೆ ಹೇಳ್ತೀನಿ,” ಎಂದರು.

ಆಮೇಲೆ ಹೇಳಿದ್ದು ಹೀಗೆ. ಫೋನಿಗೆ ಬರುವ ಗುಟ್ಟಿನ ಅಂಕಿಗಳನ್ನು ಹಡೆದ ತಾಯಿಗೂ ಹೇಳಬಾರದು. ಬೀಗದ ಅಂಕಿಗೆ ಹುಟ್ಟಿದ ವರ್ಷ ಇಡಬಾರದು. ಗುರುತಿಲ್ಲದವರು ಕಳಿಸಿದ ನೀಲಿ ಅಕ್ಷರದ ಸಾಲನ್ನು ಮುಟ್ಟಲೇಬಾರದು. ಇನ್ನೊಂದನ್ನು ಅವರು ಮೇಜು ಕುಟ್ಟಿ ಹೇಳಿದರು: “ಫೋನಲ್ಲಿ ಯಾರು ಅಂದ್ರೆ ‘ನಾನು’ ಅಂತಾರೆ ನೋಡಿ, ಅವರನ್ನ ನಂಬಲೇಬೇಡಿ. ಮಗ ಅಂತಾರೆ, ಅಳಿಯ ಅಂತಾರೆ, ಹೊಸ ನಂಬರ್ ಅಂತಾರೆ. ‘ನಾನು’ ಅಂದ್ರೆ ಯಾರು? ಯಾರೂ ಅಲ್ಲ!”

ಇದಾಗಿ ಮೂರನೇ ದಿನಕ್ಕೆ ಸರಿಯಾಗಿ ಆ ಮೆಸೇಜು ಬಂತು. ಕಪಾಟಿನ ಹಿಂದೆ ಕೂತು ಹೊಸ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದೆ. ಕೈಯೆಲ್ಲ ಗೋಂದು.

“ನಾನು. ಇದು ಹೊಸ ನಂಬರ್.”

ಚೀಟಿಗಳನ್ನು ಅಲ್ಲೇ ಬಿಟ್ಟು ಎದ್ದೆ. ಕಳ್ಳನೆಂದೋ ನೀವೆಂದೋ ಹೇಳಲಾರೆ. ಕೈ ತೊಳೆದು, ಒರೆಸಿಕೊಂಡು, “ಯಾರು?” ಎಂದು ಕೇಳಿದೆ. “ನಾನೇ” ಎಂದು ಬಂತು. ಅಕ್ಕ ಹೇಳಿದ್ದರು, ಅನುಮಾನ ಬಂದರೆ ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಕೇಳಿ ಎಂದು. ಯೋಚಿಸಿದೆ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಇದ್ದೆವು, ನಾವಿಬ್ಬರೇ. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವುದು ಏನು? ಎಷ್ಟು ಹುಡುಕಿದರೂ ಕೈಗೆ ಸಿಗಲಿಲ್ಲ. ಕೊನೆಗೆ, “ನನ್ನನ್ನು ಏನೆಂದು ಕರೆಯುತ್ತಿದ್ದಿರಿ?” ಎಂದು ಬರೆದೆ. ಅಷ್ಟು ಬರೆಯಲು ಆರು ನಿಮಿಷ ಹಿಡಿಯಿತು.

ಉತ್ತರ ತಕ್ಷಣ ಬಂತು. “ಇವಳೇ ಅಂತ.”

ನಿಜ. ನೀವು ಒಂದು ದಿನವೂ ನನ್ನ ಹೆಸರು ಹಿಡಿದು ಕರೆದವರಲ್ಲ. ಆದರೆ ಹೆಂಡತಿಯನ್ನು ಇವಳೇ ಎಂದು ಕರೆಯುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಯಾವ ಕಳ್ಳ ಬೇಕಾದರೂ ಊಹಿಸಬಹುದು. ನಾನೇನು ಕಡಿಮೆ? ಹೊಸ ಫೋನಿನಲ್ಲಿ ನಿಮ್ಮ ಹಳೆಯ ನಂಬರು ಬರೆದುಕೊಳ್ಳುವಾಗ ಹೆಸರಿನ ಜಾಗದಲ್ಲಿ ‘ಇವರು’ ಎಂದು ಹಾಕಿದ್ದೆ. ಅಕ್ಕ ನೋಡಿ, “ಯಾವ ಇವರು? ಊರು ತುಂಬ ಇವರೇ,” ಎಂದು ನಕ್ಕಿದ್ದರು.

ಇನ್ನೊಂದು ಪ್ರಶ್ನೆ ಕೇಳಿದೆ, ನನ್ನ ಹುಟ್ಟಿದ ದಿನ ಯಾವುದು ಎಂದು. “ಜೂನ್‌ನಲ್ಲಿ ಅಲ್ವಾ” ಎಂದು ಬಂತು. ನನ್ನದು ಆಗಸ್ಟ್. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ. ಅಷ್ಟರಲ್ಲಿ ಒಂದು ನೀಲಿ ಸಾಲು ಬಂತು. ಅದರ ಕೆಳಗೆ, “ಇಲ್ಲಿದ್ದೀನಿ. ಬರಲಾ?”

ನೀಲಿ ಸಾಲನ್ನು ಮುಟ್ಟಲಿಲ್ಲ. ಕ್ಲಾಸಿನಲ್ಲಿ ಕಲಿಸಿದ್ದಂತೆ ಮೂಲೆಯ ಮೂರು ಚುಕ್ಕೆ ಮುಟ್ಟಿದೆ. ಈ ಸಂಖ್ಯೆಯನ್ನು ನಿರ್ಬಂಧಿಸಬೇಕೆ ಎಂದು ಕೇಳಿತು. ನಿರ್ಬಂಧಿಸಿದೆ. ಕಲಿತದ್ದರಲ್ಲಿ ಮೊದಲ ಸಲ ತಪ್ಪಿಲ್ಲದೆ ಮಾಡಿದ ಕೆಲಸ ಅದು.

ಮುಂದಿನ ಭಾನುವಾರ ಕ್ಲಾಸಿನಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಗಂಡನೆಂದು ಹೇಳಿಕೊಂಡು ಬಂದಿದ್ದ, ನನ್ನ ಹುಟ್ಟಿದ ದಿನ ತಪ್ಪು ಹೇಳಿ ಸಿಕ್ಕಿಬಿದ್ದ ಎಂದಷ್ಟೇ ಹೇಳಿದ್ದೆ. “ಶಭಾಷ್, ಹೀಗಿರಬೇಕು ಎಚ್ಚರ,” ಎಂದರು ಅಕ್ಕ. ಆಗ ನನ್ನ ಪಕ್ಕ ಕೂರುವ ಟೈಲರಮ್ಮ ಹೊಲಿಗೆ ಬಿಚ್ಚಿದ ಹಾಗೆ ಒಂದು ಮಾತು ತೆಗೆದಳು: “ಅಲ್ಲ ಮೇಡಂ, ನಿಮ್ ಹುಟ್ಟಿದ್ ದಿನ ಫೋನಲ್ಲಿ ಎಲ್ರಿಗೂ ಕಾಣೋ ಹಾಗೆ ಫೋಟೋ ಕೆಳಗೇ ಹಾಕ್ಕೊಂಡಿದ್ದೀರಲ್ಲ. ಕಳ್ಳ ಆಗಿದ್ರೆ ನೋಡ್ಕೊಂಡು ಸರಿಯಾಗೇ ಹೇಳ್ತಿದ್ದ. ತಪ್ಪು ಹೇಳಿದಾನೆ ಅಂದ್ರೆ ಅವನು ಗಂಡನೇ!”

ಹಾಲಿಗೆ ಹಾಲೇ ನಕ್ಕಿತು. ಡ್ರಾಯಿಂಗ್ ಮೇಷ್ಟ್ರೊಬ್ಬರು, “ನಾನೂ ತಪ್ಪೇ ಹೇಳೋದು,” ಎಂದು ಕಣ್ಣೊರೆಸಿಕೊಂಡರು. ನಾನೂ ನಕ್ಕೆ ಅಂತ ಕಾಣುತ್ತದೆ. ಅಕ್ಕ, “ಅದಕ್ಕೇನಂತೆ, ಸಂಜೆ ಯಜಮಾನರು ಮನೆಗೆ ಬಂದಾಗ ಕೇಳಿಬಿಡಿ, ಮುಗೀತು,” ಎಂದರು. ಹೂಂ ಅಂದೆ. ಆ ಹನ್ನೊಂದು ಜನಕ್ಕೆ ನೀವು ದಿನಾ ಸಂಜೆ ಮನೆಗೆ ಬರುತ್ತೀರಿ. ಹಾಗೆ ನಾನು ಹೇಳಿಲ್ಲ. ಅಲ್ಲ ಎಂದೂ ಹೇಳಿಲ್ಲ.

ಮನೆಗೆ ಬಂದು ನಿಮ್ಮ ಹಳೆಯ ನಂಬರಿಗೆ ಫೋನು ಮಾಡಿದೆ. ಸ್ವಿಚ್ ಆಫ್. ದಿನಕ್ಕೊಂದು ಸಲದಂತೆ ವಾರವಿಡೀ ಮಾಡಿದೆ, ವಾರವಿಡೀ ಸ್ವಿಚ್ ಆಫ್. ಅನುಮಾನವಿದ್ದರೆ ಬೇರೆ ದಾರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ ಎನ್ನುವುದೂ ಅಕ್ಕನ ಪಾಠವೇ. ನನಗೆ ಗೊತ್ತಿರುವ ಬೇರೆ ದಾರಿ ಅಂಚೆ ಒಂದೇ.

ಅದು ನೀವಾಗಿದ್ದರೆ, ಆ ನೀಲಿ ಸಾಲನ್ನು ಮುಟ್ಟಿದ್ದರೆ ನೀವು ಇರುವ ಜಾಗ ನಕ್ಷೆಯಲ್ಲಿ ಕಾಣುತ್ತಿತ್ತಂತೆ. ಅದು ನಿಮ್ಮ ಊರೋ, ನಮ್ಮ ಬೀದಿಯ ತಿರುವೋ ನನಗೆ ತಿಳಿಯದು. ತಿರುವಿನಲ್ಲೇ ನಿಂತಿದ್ದು, ಆಮೇಲೆ ಹಿಂದಕ್ಕೆ ಹೋದಿರೇ? ಇದನ್ನು ನೆನೆಸಿಕೊಂಡರೆ ಚೀಟಿಗಳನ್ನೆಲ್ಲ ತಲೆಕೆಳಗಾಗಿ ಅಂಟಿಸುತ್ತೇನೆ.

ನಮ್ಮ ನಡುವೆ ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು, ಯಾವುದನ್ನು ಮರೆಯಬೇಕು ಎನ್ನುವುದಾದರೂ ಗೊತ್ತಿರುತ್ತಿತ್ತು. ಪ್ರೆಸ್ಸು ಬೇರೆ ಊರಿಗೆ ಹೋಯಿತು, ನೀವು ಪ್ರೆಸ್ಸಿನ ಜೊತೆ ಹೋದಿರಿ, ನಾನು ಅವತ್ತೂ ಲೈಬ್ರರಿಗೆ ಹೋದೆ. ಮೊದಮೊದಲು ವಾರಕ್ಕೊಂದು ಫೋನು, ಆಮೇಲೆ ತಿಂಗಳಿಗೊಂದು, ಆಮೇಲೆ ಈ ಸಲ ಅವರ ಸರದಿ ಎಂದು ಇಬ್ಬರೂ ಕಾದೆವು. ನಾನಂತೂ ಕಾದೆ.

ನೀವಲ್ಲದಿದ್ದರೆ ಈ ಕಾಗದ ಹರಿದುಹಾಕಿ. ನಿಮ್ಮ ಹೆಸರಿನಲ್ಲಿ ಯಾರೋ ಮೋಸ ಮಾಡುತ್ತಿದ್ದಾರೆ ಎಂದು ಎಚ್ಚರವಾಗಿರಿ. ನೀವೇ ಆಗಿದ್ದರೆ ನಾನು ಮಾಡಿದ್ದು ತಪ್ಪೆಂದು ಹೇಳಬೇಡಿ. ಕಲಿಸಿದ್ದನ್ನು ಕಲಿಸಿದ ಹಾಗೆ ಮಾಡಿದೆ.

ಇತಿ,
ಇವಳು

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇಷ್ಟನ್ನು ಸೇರಿಸದಿದ್ದರೆ ಮೇಲಿನದೆಲ್ಲ ಸುಳ್ಳಾಗುತ್ತದೆ. ಮೆಸೇಜಿನ ಆ ಕೊನೆಯ ಮಾತನ್ನು ಮೇಲೆ ನಾನು ಸರಿಯಾಗಿ ನಕಲು ಮಾಡಿಲ್ಲ. ನೀವು ಬರೆದದ್ದು “ಬರಲಾ ?” ಎಂದು, ಪ್ರಶ್ನೆಯ ಗುರುತಿಗೆ ಮೊದಲು ಜಾಗ ಬಿಟ್ಟು. ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಿಂದ ಹಾಗೆ ಜಾಗ ಬಿಟ್ಟು ಜೋಡಿಸಿದ ಕೈ ಅದು. ಮನೆಯಲ್ಲಿ ನೀವು ಬರೆದಿಡುತ್ತಿದ್ದ ಚೀಟಿಗಳಲ್ಲೆಲ್ಲ ನೋಡಿದ್ದೇನೆ. ಯಾವ ಕಳ್ಳನಿಗೂ ಅಷ್ಟು ವ್ಯವಧಾನವಿರುವುದಿಲ್ಲ. ಆ ಜಾಗ ನೋಡಿದಾಗಲೇ ನೀವೆಂದು ಗೊತ್ತಾಯಿತು. ಗೊತ್ತಾದ ಮೇಲೆಯೇ ಬೆರಳು ಮೂರು ಚುಕ್ಕೆಯ ಕಡೆ ಹೋಯಿತು. ಏಕೆಂದು ಕೇಳಬೇಡಿ, ಹನ್ನೊಂದು ದಿನದಿಂದ ನಾನೇ ಕೇಳಿಕೊಳ್ಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ನಿರ್ಬಂಧ ತೆಗೆದೆ. ಈ ಹನ್ನೊಂದು ದಿನಗಳಲ್ಲಿ ನೀವೇನಾದರೂ ಬರೆದಿದ್ದರೆ ಅದು ಇನ್ನು ಎಂದಿಗೂ ನನಗೆ ಬಂದು ಸೇರುವುದಿಲ್ಲವಂತೆ. ಅಕ್ಕನನ್ನು ಎರಡೆರಡು ಸಲ ಕೇಳಿದೆ. ನಾನೇ ಒಂದು ಮಾತು ಬರೆಯೋಣವೆಂದು ‘ಬ’ ಒತ್ತಿದರೆ, ಫೋನು ತಾನಾಗಿಯೇ ಮೂರು ಪದ ಮುಂದಿಟ್ಟಿತು: ಬನ್ನಿ, ಬೇಡ, ಬಿಡಿ. ನೋಡುತ್ತ ಕೂತೆ, ಅದು ಕಣ್ಣು ಮುಚ್ಚಿಕೊಂಡಿತು. ಪೆನ್ನು ಹಾಗೆಲ್ಲ ಏನನ್ನೂ ಮುಂದಿಡುವುದಿಲ್ಲ, ನಾವೇ ಬರೆಯಬೇಕು.

ಬನ್ನಿ. ಭಾನುವಾರ ಬೆಳಿಗ್ಗೆ ಬೇಡ, ಕ್ಲಾಸಿದೆ.