ಹೊಟ್ಟೆಗೋ ಕುತ್ತಿಗೆಗೋ

ಬುಧವಾರ, ಮಧ್ಯಾಹ್ನ

ಮೆಣಸಿನ ಅಪ್ಪನಿಗೆ,

ಬೇರೆ ಹೇಗೆ ಕರೆಯಲಿ? ನೀವು ನಿಮ್ಮ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಕೋಣೆಗೆ ಹೋಗಿ ಎಂಟು ತಿಂಗಳಾಯಿತು. ‘ರೀ’ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಒಂಬತ್ತು ವರ್ಷದ ಮಗಳ ಸಿಟ್ಟು ನೋಡಿ ಅವಳಿಗೆ ಮೆಣಸು ಎಂದು ಹೆಸರಿಟ್ಟವರು ನೀವು. ಆ ಲೆಕ್ಕದಲ್ಲಿ ಕರೆದಿದ್ದೇನೆ ಎಂದುಕೊಳ್ಳಿ.

ನಿಮ್ಮ ಅಕ್ಕನ ಹತ್ತಿರ ಹೇಳಿ ಕಳಿಸಿದ್ದು ಮುಟ್ಟಿತು. “ಆಸ್ಪತ್ರೇಲೇ ಡಯಾಲಿಸಿಸ್ ಮಾಡಿಸ್ಬೇಕಂತೆ ಕಣೇ, ಮನೇಲಿ ಇಂಥದ್ದೆಲ್ಲ ಆಗಲ್ಲ ಅಂದ ನನ್ನ ತಮ್ಮ” ಎಂದು ಅವರು ಬಾಗಿಲಲ್ಲೇ ನಿಂತು ಹೇಳಿ ಹೋದರು. ಕೂತಲ್ಲಿಂದ ಅಪ್ಪಣೆ ಕೊಡುವುದು ಎಷ್ಟು ಸುಲಭ ನೋಡಿ! ನಿಮ್ಮ ತಾಯಿ ಕಷಾಯ ಎನ್ನುತ್ತಾರೆ, ಎದುರುಮನೆಯವಳು ಇನ್ನೊಬ್ಬ ಡಾಕ್ಟರ ಹೆಸರು ಹೇಳುತ್ತಾಳೆ. ಎಲ್ಲರ ಬಾಯಲ್ಲೂ ಬಿಟ್ಟಿ ಬುದ್ಧಿವಾದ, ಒಬ್ಬರೂ ಒಂದು ಗಂಟೆ ಮಗುವಿನ ಪಕ್ಕ ಕೂರಲಿಲ್ಲ. ನನಗೆ ತಲೆ ಚಿಟ್ಟು ಹಿಡಿದಿದೆ.

ನಿಮಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ, ನಾನೇ ಬರೆಯುತ್ತೇನೆ. ಇಷ್ಟು ದಿನದ ಮಾತ್ರೆ ನಾಟದೆ ಈಗ ಎರಡು ಕಿಡ್ನಿಯೂ ಕೈಬಿಟ್ಟಿವೆ. ಬೇರೆ ಕಿಡ್ನಿ ಸಿಗುವವರೆಗೆ ಡಯಾಲಿಸಿಸ್ ಇಲ್ಲದೆ ಗತಿಯಿಲ್ಲ. ಆಸ್ಪತ್ರೆಯದಾದರೆ ಕುತ್ತಿಗೆಯ ಹತ್ತಿರ ನಳಿಗೆ ಹಾಕುತ್ತಾರೆ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಯಂತ್ರದ ಪಕ್ಕ ಮಲಗಿಸಿ ರಕ್ತ ಸೋಸುತ್ತಾರೆ. ಮನೆಯದಾದರೆ ನಳಿಗೆ ಹೊಟ್ಟೆಗೆ. ಚೀಲದಲ್ಲಿ ಬರುವ ದ್ರವವನ್ನು ಒಳಗೆ ಬಿಟ್ಟು, ಕೆಲವು ಗಂಟೆ ಇಟ್ಟು, ಹೊರಗೆ ತೆಗೆಯಬೇಕು. ದಿನಕ್ಕೆ ನಾಲ್ಕು ಸಲ, ಒಂದು ದಿನವೂ ತಪ್ಪುವಂತಿಲ್ಲ. ಕೈ ಚೊಕ್ಕಟವಿಲ್ಲದಿದ್ದರೆ ಹೊಟ್ಟೆಯೊಳಗೆ ಸೋಂಕು, ಜೀವಕ್ಕೇ ಅಪಾಯ. ಯಾವುದು ಒಳ್ಳೆಯದು ಎಂದು ಡಾಕ್ಟರಮ್ಮನನ್ನು ಕೇಳಿದರೆ, “ಎರಡೂ ಆಗುತ್ತಮ್ಮ, ನಿಮ್ಮನೆಗೆ ಯಾವ್ದು ಹೊಂದುತ್ತೆ ಅಂತ ನೀವೇ ನೋಡಿ” ಎಂದರು. ಹೊಲಿಸಲು ಬಟ್ಟೆ ತಂದ ಗಿರಾಕಿಗೆ ನಾನು ಹೇಳುವ ಮಾತು ಅದು. ಮಗುವಿನ ವಿಷಯದಲ್ಲಿ ಅದನ್ನು ಕೇಳಿಸಿಕೊಂಡಾಗ ಮೈಯೆಲ್ಲ ಉರಿಯಿತು.

ನಾನು ಮನೆಯದನ್ನೇ ಆರಿಸಿದ್ದೇನೆ. ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು, ವಾರದಲ್ಲಿ ಮೂರು ದಿನ ಶಾಲೆ ತಪ್ಪಿದಂತೆಯೇ. ಮನೆಯಲ್ಲಾದರೆ ಶಾಲೆಗೆ ಮುಂಚೆ ಒಂದು ಸಲ, ಬಂದ ಮೇಲೆ ಮೂರು ಸಲ. ಯಂತ್ರಗಳಿರುವ ಆ ಕೋಣೆಯನ್ನು ಮೆಣಸಿಗೆ ತೋರಿಸಿದರು. ಅವಳು ಅಳಲಿಲ್ಲ. ಹಾಸಿಗೆಗಳನ್ನು ಎಣಿಸಿ, “ಇಲ್ಲಿ ಮಲ್ಕೊಂಡ್ರೆ ನನ್ನ ಬೆಂಚಲ್ಲಿ ಯಾರು ಕೂತ್ಕೋತಾರೆ?” ಎಂದು ಕೇಳಿದಳು. ನನಗೆ ಅಷ್ಟು ಸಾಕಾಯಿತು.

ಮನೇಲಿ ಇಂಥದ್ದೆಲ್ಲ ಆಗಲ್ಲ ಎಂದಿರಲ್ಲ, ಒಮ್ಮೆ ಬಂದು ನೋಡಿ. ಬಟ್ಟೆಯ ನೂಲು, ಧೂಳು ಇರಬಾರದೆಂದು ಹೊಲಿಗೆ ಯಂತ್ರವನ್ನು ಓಣಿ ಬದಿಯ ಜಗುಲಿಗೆ ಎಳೆದು ಹಾಕಿದ್ದೇನೆ. ಬಿಸಿಲಲ್ಲಿ ಕೂತು ಹೊಲಿಯುತ್ತೇನೆ. ಒಳಗಿನ ಕೋಣೆಗೆ ಸುಣ್ಣ ಹೊಡೆದಿದ್ದೇನೆ. ಪರೀಕ್ಷೆಗೆ ಬಂದ ನರ್ಸಮ್ಮ ಕಿಟಕಿಯ ಕಟ್ಟೆಯ ಮೇಲೆ ಬೆರಳು ಎಳೆದು ನೋಡಿ ಆಗಬಹುದು ಎಂದು ತಲೆಯಾಡಿಸಿದರು.

ಆದರೆ ಒಂದನ್ನು ಮುಚ್ಚಿಡುವುದಿಲ್ಲ, ನಿಮ್ಮ ಅಕ್ಕ ಹೇಗೂ ಹೇಳುತ್ತಾರೆ. ತರಬೇತಿಯ ಮೊದಲ ದಿನ ಬಟ್ಟೆಯ ಬೊಂಬೆಯ ಹೊಟ್ಟೆಗೆ ನಳಿಗೆ ಸಿಕ್ಕಿಸಿ ಕಲಿಸುತ್ತಿದ್ದರು. ಎರಡು ಕೈಯಲ್ಲೂ ಏನೋ ಇತ್ತು. ನಾನು ಮೊಣಕೈಯಿಂದ ಮಾಸ್ಕು ಸರಿಸಿ, ಶುದ್ಧವಾಗಿರಬೇಕಾದ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಬಿಟ್ಟೆ. ಇಪ್ಪತ್ತು ವರ್ಷ ಗುಂಡುಸೂಜಿ ಕಚ್ಚಿಕೊಂಡ ಚಾಳಿ. ನರ್ಸಮ್ಮ ಬೈಯಲಿಲ್ಲ, ಎಲ್ಲವನ್ನೂ ತೆಗೆದು ಕಸದ ಡಬ್ಬಿಗೆ ಹಾಕಿದರು. ಮೆಣಸು ನೋಡುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಲ್ಲಿಂದೀಚೆಗೆ ಹನ್ನೊಂದು ಸಲ ಮಾಡಿದ್ದೇನೆ, ಒಂದು ಸಲವೂ ತಪ್ಪಿಲ್ಲ. ನಿನ್ನೆ ಪಾಸು ಮಾಡಿದರು.

ನನಗೆ ಜ್ವರ ಬಂದರೆ ಮಾಡಲು ಮನೆಯಲ್ಲಿ ಇನ್ನೊಬ್ಬರು ಕಲಿಯಲೇಬೇಕಂತೆ, ಇಲ್ಲದಿದ್ದರೆ ಮನೆಯದು ಕೊಡುವುದಿಲ್ಲವಂತೆ. ನನ್ನ ಅಕ್ಕ ಬರುತ್ತಾಳೆ. ನೀವು ಶುಕ್ರವಾರದೊಳಗೆ ಇದರ ಜೊತೆಗಿಟ್ಟ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿ, ಅಷ್ಟು ಸಾಕು. ಹೊರಡುವ ದಿನ ನೀವು ಹೊಸ್ತಿಲಲ್ಲಿ ಆಡಿದ ಮಾತು ಎಂಟು ತಿಂಗಳಾದರೂ ಕಿವಿಯಲ್ಲೇ ಇದೆ. ಅದನ್ನು ಇಲ್ಲಿ ಎತ್ತುವುದಿಲ್ಲ.

ಇತಿ,
ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿಯದ
ಮೆಣಸಿನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಅಕ್ಕನನ್ನು ನಾನು ಕೇಳಿಯೇ ಇಲ್ಲ. ಅವಳಿಗೆ ಅವಳ ಮನೆಯದೇ ಹಾಸಿ ಹೊದೆಯುವಷ್ಟಿದೆ. ಮಗು ಊದಿಕೊಂಡಿದ್ದು ತಾಯಿಯಾಗಿ ನಿನಗೆ ಕಾಣಲಿಲ್ಲವೇ ಎಂದು ಆ ದಿನ ಹೊಸ್ತಿಲಲ್ಲಿ ಕೇಳಿದಿರಿ. ಕಾಣಲಿಲ್ಲ ಎಂದೆ. ಸುಳ್ಳು. ಶಾಲೆಯ ಲಂಗದ ಸೊಂಟವನ್ನು ಒಂದೇ ತಿಂಗಳಲ್ಲಿ ಎರಡು ಸಲ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದೆ. ಟೇಪು ಹಿಡಿದು ಅಳೆದವಳು ನಾನೇ. ಅಂತೂ ಮಗು ಮೈ ತುಂಬಿಕೊಂಡಿತಲ್ಲ ಎಂದು ಹಿಗ್ಗಿದೆ, ಯಾರಿಗೂ ಹೇಳಲಿಲ್ಲ. ಇನ್ನೊಬ್ಬರು ಯಾರು ಎಂದು ನರ್ಸಮ್ಮ ಕೇಳಿದಾಗ ಮೆಣಸೇ ಮುಂದಾಗಿ, “ನಮ್ಮಪ್ಪ. ಕೂದಲಷ್ಟು ಸಣ್ಣ ಸ್ಪ್ರಿಂಗ್ ಹಿಡಿದ್ರೂ ಅವರ ಕೈ ಅಲ್ಲಾಡಲ್ಲ” ಎಂದಳು. ನಾನು ಇಲ್ಲ ಎನ್ನಲಿಲ್ಲ. ನಿಮ್ಮ ಹೆಸರೇ ಬರೆಸಿದ್ದೇನೆ. ತರಬೇತಿ ಸೋಮವಾರ ಹತ್ತು ಗಂಟೆಗೆ. ಉಗುರು ಕತ್ತರಿಸಿಕೊಂಡು ಬನ್ನಿ.